ನೆಗಡಿ ಮಾವನ ಎರಡನೇ ಸುತ್ತು

ಭಾವ ಹೇಳಿಟ್ಟಿದ್ದ ರೆಕಾರ್ಡ್ ಬಂದಿದೆ ಎಂದು ರೆಕಾರ್ಡ್ ಅಂಗಡಿಯ ಸೂಜಿಯಣ್ಣ ಫೋನ್ ಮಾಡಿದಾಗ ಅಕ್ಕ ಇನ್ನೂ ಆಸ್ಪತ್ರೆಯಲ್ಲಿದ್ದಳು. ಎಕ್ಸ್‌ರೇ ಕೋಣೆಯಲ್ಲಿ ಅವಳ ಕೆಲಸ. ದಿನವಿಡೀ ಯಾರ್ಯಾರಿಗೋ "ಉಸಿರು ಹಿಡ್ಕೊಳ್ಳಿ, ಈಗ ಬಿಡಿ" ಎನ್ನುತ್ತಿರುತ್ತಾಳೆ. ಸಂಜೆ ವಿಷಯ ಹೇಳಿದೆ. ಚಪ್ಪಲಿ ಬಿಡದೆಯೇ ಬಾಗಿಲಲ್ಲಿ ನಿಂತಳು.

"ನೀನೂ ಬಾರೋ. ಒಬ್ಳೇ ಕೇಳೋಕಾಗಲ್ಲ."

ಕನ್ನಡಕದ ಗಾಜು ಉಜ್ಜಿ ಕೊಡುವುದು ಭಾವನ ಕೆಲಸವಾಗಿತ್ತು. ಒಂದು ಮಧ್ಯಾಹ್ನ ಉಜ್ಜುವ ಯಂತ್ರದ ಮುಂದೆ ಕೂತವರು ಊಟಕ್ಕೆ ಏಳಲಿಲ್ಲ, ಕೂತಲ್ಲೇ ಹೋಗಿಬಿಟ್ಟಿದ್ದರು. ಆಮೇಲೆ ನಾನು ಅಕ್ಕನ ಮನೆಯಲ್ಲೇ ಉಳಿದೆ. ಸ್ಪೀಕರಿನ ಎದುರಿಗಿದ್ದ ಅವರ ಕುರ್ಚಿಯನ್ನು ಒಳಗಿಡಲಾ ಎಂದು ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಮುಟ್ಬೇಡ."

ಭಾವನಿಗಿದ್ದ ಹುಚ್ಚು ಒಂದೇ. ಐವತ್ತರ ದಶಕದಲ್ಲಿ ನಾಲ್ಕೇ ಜನ ಸೇರಿ ಸಣ್ಣ ಕ್ಲಬ್ಬುಗಳಲ್ಲಿ ನುಡಿಸಿದ ಜಾಝ್, ಕೇಳುಗರ ಎದುರೇ ಮುದ್ರಿಸಿದ್ದು, ಈಗ ಮತ್ತೆ ಹೊರಬರುತ್ತಿರುವುದು. ಸ್ಟುಡಿಯೋದಲ್ಲಿ ಮುದ್ರಿಸಿದ್ದನ್ನು ಅವರು ಮೂಸಿಯೂ ನೋಡುತ್ತಿರಲಿಲ್ಲ. "ಅಲ್ಲಿ ಮನುಷ್ಯರೇ ಇಲ್ಲ ಕಣೋ" ಎನ್ನುತ್ತಿದ್ದರು. ಮನೆಯಲ್ಲಿದ್ದದ್ದು ಒಂದೇ ಕಪಾಟು, ಹಾಗಾಗಿ ಅಕ್ಕ ಒಂದು ನಿಯಮ ಮಾಡಿದ್ದಳು: ಒಂದು ರಾತ್ರಿಯ ಕಛೇರಿಗೆ ಒಂದೇ ರೆಕಾರ್ಡ್. ಅದೇ ಕಛೇರಿಯ ಹೊಸ ಮುದ್ರಣ ಬೇಕೆಂದರೆ ಹಳೆಯದನ್ನು ಅಂಗಡಿಗೆ ಕೊಡಬೇಕು.

ಅಂಥ ಒಂದು ರಾತ್ರಿಯ ರೆಕಾರ್ಡಿನಲ್ಲಿ, ಅವರಿಬ್ಬರೂ ನೆಗಡಿ ಮಾವ ಎಂದು ಹೆಸರಿಟ್ಟವನೊಬ್ಬ ಇದ್ದ. ಸ್ಯಾಕ್ಸೊಫೋನ್ ನಿಂತು, ಪಿಯಾನೋ ನಿಂತು, ಡ್ರಮ್ಮೂ ಸುಮ್ಮನಾಗಿ, ಬೇಸ್ ಎಂಬ ದಪ್ಪ ದನಿಯ ತಂತಿವಾದ್ಯ ಒಂದೇ ಉಳಿಯುವಲ್ಲಿ ಮುಂದಿನ ಸಾಲಿನಿಂದ ಯಾರೋ ಕೆಮ್ಮುತ್ತಾನೆ. ತಡೆದು ತಡೆದು ಸೋತ ಕೆಮ್ಮು. ಭಾವ ಅದಕ್ಕೆ ಮೊದಲೇ ಬೆರಳೆತ್ತುತ್ತಿದ್ದರು. ಅಡುಗೆಮನೆಯಿಂದ ಅಕ್ಕ "ನೀರು ಕುಡೀರಿ ಮಾವ" ಎನ್ನುತ್ತಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ಅವನೊಬ್ಬ ಮೂರನೆಯವನು.

ಹಳೆಯ ರೆಕಾರ್ಡಿನಲ್ಲಿ ಆ ರಾತ್ರಿಯ ಮೊದಲ ಸುತ್ತು ಮಾತ್ರ ಇತ್ತು. ವಿರಾಮದ ನಂತರ ಮಾವ ಉಳಿದನೇ, ಮನೆಗೆ ಹೋದನೇ? ಅದರ ಮೇಲೆ ಇಬ್ಬರಿಗೂ ಪಂದ್ಯ.

"ಎದ್ದು ಹೋಗಿರ್ತಾನೆ ರೀ. ಇಂಥ ಎದೆ ನಾನು ದಿನಾ ನೋಡ್ತೀನಿ."

"ಮುಂದಿನ ಸಾಲಿನವನು ಕಣೇ. ಕೊನೇವರೆಗೂ ಕೂರ್ತಾನೆ."

"ಸೋತೋರು ಏನ್ಮಾಡ್ಬೇಕು?"

"ಗೆದ್ದೋರು ಏನೇ ಕೇಳಿದ್ರೂ ಹೂಂ ಅನ್ಬೇಕು."

"ಅದನ್ನ ನೀವು ಮದುವೆ ದಿನದಿಂದ್ಲೇ ಮಾಡ್ತಿದೀರಲ್ಲ."

ಎರಡನೇ ಸುತ್ತಿನ ಟೇಪು ಎಲ್ಲೋ ಸಿಕ್ಕಿ ಇಡೀ ರಾತ್ರಿ ಹೊಸ ಮುದ್ರಣವಾಗಿ ಬರಲಿದೆ ಎಂದು ತಿಳಿದದ್ದೇ ತಡ, ಭಾವ ಹಳೆಯದನ್ನು ಸೂಜಿಯಣ್ಣನಿಗೆ ಕೊಟ್ಟು, ಹೊಸದಕ್ಕೆ ಹೇಳಿ ಬಂದಿದ್ದರು. ಗೆದ್ದೇಬಿಟ್ಟವರಂತೆ ನಗುತ್ತ ಬಂದಿದ್ದರು.

ಅಂಗಡಿಯಲ್ಲಿ ಸೂಜಿಯಣ್ಣ ನಮಗೆ ಎರಡು ಸ್ಟೂಲ್ ಹಾಕಿದ. ಸೂಜಿ ಇಳಿಸಿದ. ಶಬ್ದ ಎಷ್ಟು ತಿಳಿಯಾಗಿತ್ತೆಂದರೆ ಬೇಸ್ ನಮ್ಮ ಮೊಣಕಾಲ ಬಳಿಯೇ ಇದ್ದಂತಿತ್ತು. ಉಳಿದ ಮೂರು ವಾದ್ಯಗಳು ನಿಂತವು. ಅಕ್ಕ ಉಸಿರು ಹಿಡಿದು, ಭಾವನ ಹಾಗೆ ಬೆರಳೆತ್ತಿದಳು.

ಬೇಸ್ ಮುಂದೆ ಹೋಯಿತು. ಬೆರಳು ಹಾಗೇ ನಿಂತಿತ್ತು.

"ಇಲ್ಲೊಬ್ರು ಕೆಮ್ಮಬೇಕಿತ್ತಲ್ಲ" ಎಂದೆ.

ಸೂಜಿಯಣ್ಣನ ಮುಖ ಅರಳಿತು. "ಅದೇ ನೋಡಿ ಇದರ ವಿಶೇಷ. ಕೆಮ್ಮು, ಲೋಟ, ಕುರ್ಚಿ ಎಳೆಯೋದು, ಎಲ್ಲಾ ಕಂಪ್ಯೂಟರಲ್ಲಿ ಹೆಕ್ಕಿ ತೆಗ್ದಿದಾರೆ. ಆ ಪುಣ್ಯಾತ್ಮನ ಕಾಟ ತಪ್ತು."

"ನಾವು ಕೊಟ್ಟ ಹಳೇದು?" ಅಕ್ಕನ ದನಿ ರೋಗಿಗಳ ಜೊತೆ ಮಾತಾಡುವಷ್ಟೇ ಮೆತ್ತಗಿತ್ತು.

"ಅದೇ ವಾರ ಹೋಯ್ತಮ್ಮ. ಯಾರೋ ಹೊರಗಿನೋರು. ಹೆಸರೂ ಕೇಳ್ಲಿಲ್ಲ."

ಎರಡನೇ ಸುತ್ತನ್ನು ಪೂರ್ತಿ ಕೇಳಿದೆವು. ಹಳೆಯ ಮುದ್ರಣದ ಮೌನದಲ್ಲಿ ಒಂದು ಕೋಣೆ ಇತ್ತು, ಬಟ್ಟೆ ಸರಿಯುವುದಿತ್ತು, ಯಾರೋ ಕಾಯುತ್ತಿದ್ದರು. ಇದು ಒರೆಸಿಟ್ಟ ಮೌನ. ಚಪ್ಪಾಳೆಯನ್ನು ಮಾತ್ರ ಹಾಗೇ ಉಳಿಸಿದ್ದರು.

"ಕೊನೇ ಚಪ್ಪಾಳೆ ಇನ್ನೊಂದ್ಸಲ ಹಾಕ್ತೀರಾ?" ಎಂದಳು ಅಕ್ಕ.

ಅವನು ನನ್ನ ಮುಖ ನೋಡಿ, ಹಾಕಿದ. ಅವಳು ಸ್ಪೀಕರಿಗೆ ಕಿವಿಯಾನಿಸಿದಳು.

"ಅದ್ರಲ್ಲಿ ಮಾವನ ಕೈಯೂ ಇರಬಹುದು ಅಕ್ಕ."

"ಕೈ ನೋಡಿ ಹೇಳೋದು ನಂಗೆ ಬರಲ್ಲ." ಸ್ಪೀಕರಿನಿಂದ ಕಿವಿ ತೆಗೆದು ಅಂದಳು: "ಪಂದ್ಯ ಸೋಲೋಕೇ ಬಂದಿದ್ದೆ ಕಣೋ ನಾನು."

ಸೂಜಿಯಣ್ಣ ರೆಕಾರ್ಡನ್ನು ಕವರಿಗೆ ಸೇರಿಸಿದ. "ಕಟ್ಟಿಕೊಡ್ಲೇನಮ್ಮ?"

"ಹೂಂ."

"ಚೀಲಕ್ಕೆ ಹಾಕ್ಲಾ?"

"ಹೂಂ."

ದಾರಿಯಲ್ಲಿ ನಡೆದೇ ಹೋಗೋಣವಾ ಎಂದೆ, ಹೂಂ ಅಂದಳು. ಮನೆಗೆ ಬಂದು ಊಟಕ್ಕಿಡಲಾ ಎಂದೆ, ಅದಕ್ಕೂ ಹೂಂ. ತಟ್ಟೆ ಮುಟ್ಟಲಿಲ್ಲ. ರೆಕಾರ್ಡನ್ನು ಕಪಾಟಿನಲ್ಲಿ ಖಾಲಿ ಬಿಟ್ಟಿದ್ದ ಸಂದಿಗೆ ತೂರಿಸಿ ಅಲ್ಲೇ ನಿಂತಳು.

ಅವಳು ಬೈಯಲಿ, ಎಂದಿನಂತೆ ಗದರಲಿ ಎಂದೇ ಕೇಳಿದೆ. "ಭಾವನ ಕುರ್ಚಿ ಒಳಗಿಡ್ಲಾ?"

ಅವಳು ತಿರುಗಲಿಲ್ಲ.

"ಹೂಂ" ಅಂದಳು.

ನಾನು ಕುರ್ಚಿಯನ್ನು ಮುಟ್ಟಲಿಲ್ಲ.