ಒಂದೇ ತೋಳಿನ ಕೋಟು

ನಾನು ದರ್ಜಿ. ಹೊಲಿಯಲು ಕೂತರೆ ನನ್ನ ಕೈಕಾಲು ನನ್ನ ಮಾತು ಕೇಳುವುದಿಲ್ಲ, ಕಿವಿಗೆ ಬಿದ್ದದ್ದನ್ನು ಕೇಳುತ್ತವೆ. ರೇಡಿಯೋದಲ್ಲಿ ಈಗಿನ ಕಾಲದ ಹಾಡು ಬಂತೋ, ಆ ಡಬಡಬಕ್ಕೆ ಕಾಲು ಪೆಡಲ್ ಮೇಲೆ ಕುಣಿಯಲು ಶುರು. ಒಮ್ಮೆ ಮಿಷನ್ನು ಎಷ್ಟು ಜೋರಾಗಿ ಓಡಿತೆಂದರೆ, ಗಿರಾಕಿ ಅಳತೆ ಕೊಡುವ ಮೊದಲೇ ಷರಟು ತಯಾರಾಗಿತ್ತು. ಮಿಷನ್ನು ಬಾಗಿಲು ದಾಟಿ ಬೀದಿಗೆ ಇಳಿದಿತ್ತು, ನಾನು ಸ್ಟೂಲ್ ಎಳೆದುಕೊಂಡು ಅದರ ಹಿಂದೆ.

ರೇಡಿಯೋ ಬಿಟ್ಟು ಟೀವಿ ಹಾಕಿದೆವು. ಧಾರಾವಾಹಿಯಲ್ಲಿ ಅತ್ತೆ ಒಮ್ಮೆ ಕಣ್ಣು ಕೆಕ್ಕರಿಸಿದರೆ ಅದನ್ನು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ತೋರಿಸುತ್ತಾರಲ್ಲ, ನನ್ನ ಕೈಯೂ ಹಾಗೇ ಮಾಡಿತು. ಜೇಬಿನ ಮೇಲೆ ಜೇಬು, ಅದರ ಮೇಲೆ ಇನ್ನೊಂದು ಜೇಬು! ಗಿರಾಕಿ ಪಾಪ, ಯಾವುದರಲ್ಲಿ ಬೀಗದ ಕೈ ಇಟ್ಟೆ ಎಂದು ಈಗಲೂ ಹುಡುಕುತ್ತಿದ್ದಾನಂತೆ.

ಕೊನೆಗೆ ನನ್ನ ಹೆಂಡತಿ ಟೀವಿಯ ವಯರು ಕಿತ್ತಳು.

"ಇನ್ಮೇಲೆ ನಾನು ಕಾದಂಬರಿ ಓದ್ತೀನಿ, ನೀವು ಕೇಳ್ತಾ ಹೊಲೀರಿ. ಅದಕ್ಕೆ ತಾಳವೂ ಇಲ್ಲ, ತಮಟೆಯೂ ಇಲ್ಲ."

ಗುಂಡಿ ಹಾಕುತ್ತಿದ್ದ ಅಮ್ಮ ತಲೆ ಎತ್ತಿದಳು. "ಅಳೋ ಕಥೆ ಮಾತ್ರ ಬೇಡ ಕಣೇ. ಬಟ್ಟೆ ಒದ್ದೆ ಆದ್ರೆ ಇಸ್ತ್ರಿ ಹೊಡೆಯೋಳು ನಾನು."

"ಅಳೋದಲ್ಲ ಅತ್ತೆ, ಹೊಸಾದು. ಯುದ್ಧದ್ದು."

ಅದೇ ಸಮಯಕ್ಕೆ ಬಸ್ ಕಂಪನಿಯ ಮ್ಯಾನೇಜರ್ ಬಂದರು. ಡ್ರೈವರ್, ಕಂಡಕ್ಟರ್ ಎಲ್ಲರಿಗೂ ಕೋಟು ಹೊಲಿಸಬೇಕಂತೆ. ಮೊದಲು ಅವರ ಅಳತೆಗೆ ಒಂದು ಮಾದರಿ ಕೋಟು. ಅದು ಒಪ್ಪಿಗೆಯಾದರೆ ಪೂರ್ತಿ ಆರ್ಡರ್ ನನಗೇ. ಸಿಕ್ಕರೆ ಅಂಗಡಿ ಉಳಿಯುತ್ತದೆ. ಇಲ್ಲವಾದರೆ ಎದುರಿನ ರೆಡಿಮೇಡ್ ಅಂಗಡಿಯಲ್ಲಿ ಕೂತು ಪ್ಯಾಂಟಿನ ಕಾಲು ಮಡಚಿ ಹೊಲಿಯುವುದೇ ಗತಿ.

ಉಸಿರು ಬಿಗಿಹಿಡಿದು ಹೊಲಿಯಲು ಕೂತೆ. ಹೆಂಡತಿ ಓದುತ್ತಿದ್ದಳು. ಕ್ಯಾಪ್ಟನ್ ಒಬ್ಬನೇ ಸೇತುವೆ ಕಾಯುತ್ತಾನೆ. ಆ ಕಡೆಯಿಂದ ಗುಂಡು ಬರುತ್ತದೆ. ಧಡಾರ್! ಅವನ ಎಡತೋಳು ಹೊಳೆಗೆ ಬಿತ್ತು. ಅವಳು ಬಿಕ್ಕಿದಳು, ಅಮ್ಮ ಮೂಗು ಒರೆಸಿಕೊಂಡಳು. ನನ್ನ ಕೈ ಮಾತ್ರ ಬಹಳ ಮರ್ಯಾದೆಯಿಂದ ತೋಳು ಜೋಡಿಸದೆಯೇ ಕೋಟಿನ ಎಡಭುಜದ ಬಾಯನ್ನು ಎರಡೆರಡು ಹೊಲಿಗೆ ಹಾಕಿ ಮುಚ್ಚಿಬಿಟ್ಟಿತು. ಅಮ್ಮ ಇಸ್ತ್ರಿ ಹೊಡೆದಳು, ಹೆಂಡತಿ ತೂಗುಹಾಕಿದಳು. ಮೂವರಲ್ಲಿ ಒಬ್ಬರಿಗೂ ಏನೂ ಕಮ್ಮಿ ಕಾಣಲಿಲ್ಲ.

ಸಂಜೆ ಮ್ಯಾನೇಜರ್ ಬಂದು ಕೋಟು ಹಾಕಿಕೊಂಡರು. ಬಲಗೈ ಸಲೀಸಾಗಿ ಹೋಯಿತು. ಎಡಗೈ ಒಳಗೇ ಚೀಲದಲ್ಲಿ ಸಿಕ್ಕ ಬೆಕ್ಕಿನ ಹಾಗೆ ಒದ್ದಾಡತೊಡಗಿತು.

"ಟೈಲರ್ರೇ, ಈ ಕೈ ಎಲ್ಲಿಂದ ಹೊರಗೆ ಬರ್ಬೇಕು?"

"ಹೇಗೆ ಬರುತ್ತಪ್ಪಾ?" ಎಂದಳು ಅಮ್ಮ. "ಹೊಳೆಗೆ ಬಿತ್ತಲ್ಲ!"

ಹೆಂಡತಿ ಓಡಿಬಂದಳು. "ತಪ್ಪು ತಿಳ್ಕೋಬೇಡಿ ಸಾರ್. ಓದ್ತಾ ಇದ್ದೆ... ಆ ಕ್ಯಾಪ್ಟನ್‌ಗೆ ಗುಂಡು ಬಿತ್ತು..."

ಮ್ಯಾನೇಜರ್ ಮುಖ ಸುಣ್ಣವಾಯಿತು. "ಯಾವ ಕ್ಯಾಪ್ಟನ್? ಸೇತುವೆ ಕಾಯೋನಾ?"

"ಹೂಂ ಸಾರ್."

"ಅವನ ಕೈ ಹೋಗುತ್ತಾ?" ಅವರು ನನ್ನ ಸ್ಟೂಲ್ ಮೇಲೆ ಕುಸಿದರು. "ನಾನು ಸೇತುವೆ ತನಕ ಓದಿದ್ದೆ ಕಣ್ರೀ! ಗಡುವು ಮುಗೀತು, ಲೈಬ್ರರಿಗೆ ಕೊಟ್ಟೆ. ಮಾರನೇ ದಿನ ಹೋದ್ರೆ ಯಾರೋ ಎತ್ಕೊಂಡು ಹೋಗಿದ್ರು. ನೀವೇನಾ ಅದು?"

ಹೆಂಡತಿ ಪುಸ್ತಕವನ್ನು ಬೆನ್ನ ಹಿಂದೆ ಅಡಗಿಸಿದಳು.

"ನಿಮಗೆ ಆರ್ಡರೂ ಇಲ್ಲ, ಮಣ್ಣೂ ಇಲ್ಲ! ತೋಳು ಹೋದ್ರೆ ಹೋಗ್ಲಿ, ಕಥೆ ಹಾಳ್ ಮಾಡಿದ್ರಲ್ರೀ!"

ಕೈ ಒಳಗೇ ಇಟ್ಟುಕೊಂಡು ದಡದಡ ಹೊರಟರು. ನಾನು "ಸಾರ್, ಸಾರ್" ಎನ್ನುತ್ತಾ ಹಿಂದೆ. ಹೊಸ್ತಿಲಲ್ಲಿ ನಿಂತರು. ತಿರುಗಲಿಲ್ಲ.

"ಬದುಕ್ತಾನಾ?"

"ನಮಗೂ ಗೊತ್ತಿಲ್ಲ ಸಾರ್, ಇನ್ನೂ ಓದಿಲ್ಲ," ಎಂದಳು ಹೆಂಡತಿ. "ಕೋಟು ಬಿಚ್ಚಿಕೊಟ್ಟು ಕೂತ್ಕೊಳ್ಳಿ, ಈಗ್ಲೇ ಓದ್ತೀನಿ."

ಕೂತರು. ನಾನು ಕೋಟು ಹಿಡಿದು ಮಿಷನ್ನಿನ ಮುಂದೆ ಕೂತೆ, ಅವಳು ಓದಿದಳು. ಕ್ಯಾಪ್ಟನ್ ಆಸ್ಪತ್ರೆ ಸೇರಿದ. ಮ್ಯಾನೇಜರ್ ಕರವಸ್ತ್ರ ನೆನೆಸಿ, ನನ್ನ ಅಸ್ತರಿನ ಬಟ್ಟೆಗೆ ಕೈ ಹಾಕಿದರು. ಬೀದಿಯವರು ಒಬ್ಬೊಬ್ಬರೇ ಒಳಗೆ ಬಂದು, ಜಾಗ ಸಾಲದೆ ನಾಲ್ಕು ಜನ ಕಟಿಂಗ್ ಟೇಬಲ್ ಹತ್ತಿ ಕೂತರು. ಕೊನೆಗೆ ಡಾಕ್ಟರು ಕ್ಯಾಪ್ಟನ್‌ಗೆ ಮರದ ಕೈ ಜೋಡಿಸಿದರು, ನೋಡಿ, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಗ್ಗಿ ನೋಡುತ್ತೇನೆ, ಕೋಟಿಗೆ ಎಡತೋಳು ಬಂದು ಕೂತಿದೆ! ನಾನು ಹೊಲಿದದ್ದು ನನಗೇ ಗೊತ್ತಿಲ್ಲ.

ಮ್ಯಾನೇಜರ್ ಹಾಕಿಕೊಂಡು ಎರಡೂ ಕೈ ಆಡಿಸಿದರು. ಕಣ್ಣು ಇನ್ನೂ ಕೆಂಪಗಿತ್ತು.

"ಆರ್ಡರ್ ನಿಮ್ದೇ. ಆದ್ರೆ ಹೊಲೀವಾಗ ಏನು ಓದ್ತೀರಿ ಅಂತ ಮೊದ್ಲು ನನಗೆ ಹೇಳ್ಬೇಕು."

"ಪ್ರೇಮದ ಕಥೆ ತಂದಿದೀನಿ ಸಾರ್," ಎಂದಳು ಹೆಂಡತಿ.

"ಅದ್ರಲ್ಲಿ ತಬ್ಬಿಕೊಳ್ಳೋದಿದೆಯೇನೇ?" ಎಂದಳು ಅಮ್ಮ.

"ಪುಟಪುಟಕ್ಕೂ ಇದೆ ಅತ್ತೆ."

ಮ್ಯಾನೇಜರ್ ಎದ್ದು ನಿಂತರು. "ಬೇಡವೇ ಬೇಡ! ಡ್ರೈವರ್‌ನೂ ಕಂಡಕ್ಟರ್‌ನೂ ಸೇರಿಸಿ ಒಂದೇ ಕೋಟು ಹೊಲಿದುಬಿಡ್ತಾರೆ!"

ಬ್ಯಾಗಿನಿಂದ ತಮ್ಮ ಕಂಪನಿಯ ಬಸ್ಸುಗಳ ವೇಳಾಪಟ್ಟಿ ತೆಗೆದು ಅವಳ ಕೈಗಿತ್ತರು. ಆರ್ಡರ್ ಮುಗಿಯುವ ತನಕ ಅವಳು ಅದನ್ನೇ ಓದಿದಳು. ಕೋಟುಗಳೆಲ್ಲ ಚೆನ್ನಾಗಿಯೇ ಬಂದವು. ತೋಳು, ಕಾಲರ್, ಗುಂಡಿ, ಒಂದೂ ಕಮ್ಮಿಯಿಲ್ಲ. ಆದರೆ ಅವರ ಬಸ್ಸುಗಳ ಹಾಗೇ, ಒಂದೇ ಒಂದು ಕೋಟೂ ಹೇಳಿದ ಹೊತ್ತಿಗೆ ಬರಲಿಲ್ಲ.