ಒದ್ದೆ ಈರುಳ್ಳಿಯ ಮೊದಲ ಸ್ಥಾನ

ಕೇಂದ್ರ ಕಚೇರಿಯಿಂದ ಬಂದ ಅಧಿಕಾರಿಗೆ ಬೆಟ್ಟದ ಕಾರ್ಖಾನೆಯವರು ಇಟ್ಟಿದ್ದ ಹೆಸರು ಶೇಕಡಾ ಸಾಹೇಬ. ಈರುಳ್ಳಿ ಒಣಗಿಸುವ ಮೂರು ಕಾರ್ಖಾನೆಗಳನ್ನು, ಅಂದರೆ ಬಯಲಿನದು, ಕರಾವಳಿಯದು, ಬೆಟ್ಟದ್ದನ್ನು, ಆತ ಒಂದೇ ಹಾಳೆಯಲ್ಲಿ ಅಳೆದಿದ್ದ. ಒಂದು ಕಿಲೋ ಒಣ ಈರುಳ್ಳಿಗೆ ಎಷ್ಟು ಯೂನಿಟ್ ವಿದ್ಯುತ್ ಎಂಬುದಷ್ಟೇ ಆತನ ಪ್ರಶ್ನೆ. ಕರಾವಳಿಗೆ ಮೊದಲ ಸ್ಥಾನ, ಬೆಟ್ಟಕ್ಕೆ ಕೊನೆಯದು. ಬೆಟ್ಟದ ಯಂತ್ರವನ್ನು ತಿಂಗಳ ಕೊನೆಗೆ ನಿಲ್ಲಿಸಬೇಕೆಂಬ ಆಜ್ಞೆಯನ್ನೂ ಆತ ಅದೇ ಕೈಚೀಲದಲ್ಲಿ ತಂದಿದ್ದ. ತೀರ್ಪನ್ನು ಚೀಲದಲ್ಲಿಟ್ಟುಕೊಂಡು ವಿಚಾರಣೆಗೆ ಬರುವ ಅವಿವೇಕ ಓದಿದವರಿಗೆ ಮಾತ್ರ ಸಾಧ್ಯ.

ಸಿಪ್ಪೆ ಸುಲಿಯುವ ಹೆಂಗಸರನ್ನೆಲ್ಲ ಕೂರಿಸಿ, ಗೋಡೆಯ ಮೇಲೆ ಅಂಕಿಗಳ ಬೆಳಕು ಬಿಟ್ಟು, ಬೆಟ್ಟದವರಿಗೆ ಸ್ವಿಚ್ ಆರಿಸುವ ಸಂಸ್ಕಾರವೇ ಇಲ್ಲವೆಂದು ಆತ ಉಪದೇಶಿಸಿದ. ಈರುಳ್ಳಿಯ ಘಾಟಿಗೆ ಆತನ ಕಣ್ಣಲ್ಲಿ ನೀರು ಬಂತು. ಆ ದಿನ ಆತ ತೋರಿದ ಮರುಕ ಅಷ್ಟೇ. ಇಪ್ಪತ್ತಾರು ವರ್ಷ ಆ ಯಂತ್ರ ನಡೆಸಿದ್ದ ಮೇಸ್ತ್ರಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿಸಿಕೊಂಡ. ಮ್ಯಾನೇಜರು ಮಾತುಮಾತಿಗೂ ತಲೆಯಾಡಿಸಿದರು.

ಮೇಸ್ತ್ರಿಯ ಸೊಸೆ ಅದೇ ಕಾರ್ಖಾನೆಯಲ್ಲಿ ಸರಕಿನ ತೇವ ಪರೀಕ್ಷಿಸುವವಳು. ಸಂಜೆ ಮನೆಯಲ್ಲಿ ಆಕೆ ತಟ್ಟೆ ಇಡುತ್ತ ಕೇಳಿದಳು:

"ಮಾವ, ಕರಾವಳಿಯವರ ಈರುಳ್ಳಿ ಒಣಗೋದು ನಮ್ಮಲ್ಲಿ, ಹೆಸರು ಅವರಿಗೆ. ನೀವ್ಯಾಕೆ ಹೇಳ್ಲಿಲ್ಲ?"

"ಕೇಳಿದ್ರೆ ತಾನೇ ಹೇಳೋದು, ತಾಯಿ."

"ಕೇಳೋ ಮನುಷ್ಯ ಆಗಿದ್ರೆ ಇಷ್ಟು ದೂರ ಬಂದು ಗೋಡೆ ಜೊತೆ ಮಾತಾಡ್ತಿದ್ನಾ?"

ಆಕೆಯ ಮಾತು ಸತ್ಯ. ಕರಾವಳಿಯ ಗಾಳಿ ಒದ್ದೆ. ಅಲ್ಲಿಯವರು ಈರುಳ್ಳಿಯನ್ನು ಅರ್ಧ ಒಣಗಿಸಿ, ತೂಗಿ, ವಾರಕ್ಕೆರಡು ಲಾರಿ ಬೆಟ್ಟಕ್ಕೆ ಕಳಿಸುತ್ತಿದ್ದರು. ಮೊದಲು ತೂಗಿದವರ ಹೆಸರಿಗೇ ಸರಕು ಎಂಬುದು ಎಂಟು ವರ್ಷಗಳ ರೂಢಿ. ಹೀಗಾಗಿ ಕಿಲೋ ಅವರ ಲೆಕ್ಕಕ್ಕೆ, ವಿದ್ಯುತ್ತು ಇವರ ಲೆಕ್ಕಕ್ಕೆ. ಬಯಲಿನವರಂತೂ ಎರಡು ದಿನ ತಾರಸಿಯ ಬಿಸಿಲಿನಲ್ಲಿ ಹರಡಿಟ್ಟೇ ಯಂತ್ರಕ್ಕೆ ಹಾಕುತ್ತಿದ್ದರು. ಬಿಸಿಲಿಗೆ ಮೀಟರಿಲ್ಲ.

ಮರುದಿನ ಆಕೆ ತನ್ನ ತೇವದ ಲೆಕ್ಕದ ಪುಸ್ತಕ ಹಿಡಿದು ಅಧಿಕಾರಿಗೆ ಇದನ್ನೆಲ್ಲ ವಿವರಿಸಿದಳು. ಆತ ಪೂರ್ತಿ ಕೇಳಿಸಿಕೊಂಡ.

"ನೋಡಮ್ಮ, ನನ್ನ ಹಾಳೆಯಲ್ಲಿ ಲಾರಿಗೆ ಕಾಲಂ ಇಲ್ಲ," ಎಂದ. ಕರಾವಳಿಗೆ ಬಹುಮಾನ ಘೋಷಣೆಯಾಗಿಬಿಟ್ಟಿದೆ, ಇನ್ನು ಅಂಕಿ ತಿದ್ದಿದರೆ ಚೆನ್ನಾಗಿರುವುದಿಲ್ಲ ಎಂದೂ ಸೇರಿಸಿ ಕಾರು ಹತ್ತಿದ.

ಎರಡು ದಿನ ಕಳೆದು ಕರಾವಳಿಯ ಲಾರಿ ಬಂತು. ಚೀಟಿಯಲ್ಲಿ ಎಂದಿನಂತೆ 'ಒಣಗಿದ ಸರಕು' ಎಂದಿತ್ತು. ಅಂಥ ಸರಕಿನಲ್ಲಿ ನೂರಕ್ಕೆ ಆರಕ್ಕಿಂತ ಹೆಚ್ಚು ತೇವವಿದ್ದರೆ ಹಿಂದಿರುಗಿಸಬೇಕೆಂಬ ನಿಯಮವನ್ನು ದಾಕ್ಷಿಣ್ಯದಿಂದ ಯಾರೂ ಪಾಲಿಸುತ್ತಿರಲಿಲ್ಲ. ಆಕೆ ಪರೀಕ್ಷಿಸಿದಳು. ಇಪ್ಪತ್ತೆರಡು. 'ಒಣಗಿಲ್ಲ, ವಾಪಸು' ಎಂದು ಬರೆದಳು.

ಚಾಲಕ ನಕ್ಕುಬಿಟ್ಟ. "ಅಕ್ಕಾ, ಒಣಗಿದ್ರೆ ಇಲ್ಲಿಗ್ಯಾಕೆ ತರ್ತಿದ್ದೆ?"

"ಅದನ್ನೇ ಚೀಟಿ ಹಿಂದೆ ಬರೆದು ರುಜು ಹಾಕಣ್ಣ."

ಆತ ಬರೆದುಕೊಟ್ಟ. ಮ್ಯಾನೇಜರು ಓಡಿಬಂದು, ಮೊದಲ ಸ್ಥಾನದವರನ್ನು ಎದುರುಹಾಕಿಕೊಳ್ಳಬೇಡವೆಂದು ಗೋಗರೆದರು. ಗೇಟಿನ ಬಳಿ ಅಂಟಿಸಿದ್ದ ನಿಯಮದ ಕೆಳಗೆ ಇದ್ದದ್ದು ಅವರದೇ ರುಜು. ಆಕೆ ಬೆರಳಿಟ್ಟು ತೋರಿಸಿದಳು. ಲಾರಿ ತಿರುಗಿತು.

ಮೊದಲ ಸ್ಥಾನದವರು ತಮ್ಮ ಈರುಳ್ಳಿಯನ್ನು ತಾವೇ ಪೂರ್ತಿ ಒಣಗಿಸಲು ಹೊರಟರು. ಯಂತ್ರ ಬಿಡುವಿಲ್ಲದೆ ಓಡಿತು, ಮೀಟರು ಅದಕ್ಕಿಂತ ಜೋರಾಗಿ ಓಡಿತು, ಆದರೂ ಅರ್ಧ ಸರಕಿಗೆ ಬೂಷ್ಟು ಹಿಡಿಯಿತು. ವಾರ ತುಂಬುವುದರೊಳಗೆ ಅಲ್ಲಿಯ ಮ್ಯಾನೇಜರು ಮೇಸ್ತ್ರಿಗೇ ಫೋನು ಮಾಡಿ, ನಿಮ್ಮ ಯಂತ್ರ ನಿಂತರೆ ನಮ್ಮ ಗತಿಯೇನೆಂದು ಅಲವತ್ತುಕೊಂಡರು.

"ಕೊನೇ ಸ್ಥಾನದವನನ್ನ ಕೇಳ್ತೀರಲ್ಲ ಸ್ವಾಮಿ," ಎಂದ ಮೇಸ್ತ್ರಿ. "ಶೇಕಡಾ ಸಾಹೇಬ್ರನ್ನ ಕೇಳಿ."

ಕೇಳಿದರೆಂದು ತೋರುತ್ತದೆ. ಆಡಳಿತಾತ್ಮಕ ಕಾರಣಗಳಿಂದ ಆಜ್ಞೆಯನ್ನು ಹಿಂಪಡೆಯಲಾಗಿದೆ ಎಂದು ಕಾಗದ ಬಂತು. ತಪ್ಪು ಎಂಬ ಪದ ಅದರಲ್ಲಿರಲಿಲ್ಲ. ಬಹುಮಾನ ಕರಾವಳಿಯಲ್ಲೇ ಉಳಿಯಿತು. ಹೊಸ ಹಾಳೆಯಲ್ಲಿ ಬೆಟ್ಟದ ಮುಂದೆ 'ಹೋಲಿಕೆಗೆ ಯೋಗ್ಯವಲ್ಲ' ಎಂದು ಬರೆದಿತ್ತು. ತನ್ನ ಅಳತೆಗೋಲು ಡೊಂಕೆಂದು ಒಪ್ಪುವ ಬದಲು ಅಳೆಸಿಕೊಂಡವರನ್ನೇ ಅಯೋಗ್ಯರೆನ್ನುವ ಜಾಣತನಕ್ಕೆ ನಾಚಿಕೆಯೆಂಬುದಿಲ್ಲ.

ಯಂತ್ರ ಉಳಿಯಿತಲ್ಲ, ಸಾಕು ಬಿಡು ಎಂದ ಮೇಸ್ತ್ರಿ. ಸೊಸೆ ಬಿಡಲಿಲ್ಲ. ಮತ್ತೆ 'ಒಣಗಿದ ಸರಕು' ಎಂಬ ಚೀಟಿ ಹೊತ್ತು ಬಂದ ಇನ್ನೆರಡು ಲಾರಿಗಳನ್ನು ಹಿಂದಕ್ಕೆ ಅಟ್ಟಿದಳು. ಅದರ ನಂತರದ್ದು 'ಅರೆ ಒಣಗಿದ್ದು' ಎಂಬ ಚೀಟಿಯೊಂದಿಗೆ, ಕರಾವಳಿಯ ಮ್ಯಾನೇಜರ ರುಜುವಿನೊಂದಿಗೆ ಬಂತು. ಅದನ್ನು ಎರಡು ಸಲ ಓದಿ, ಗೇಟು ತೆಗೆಯಲು ಹೇಳಿದಳು.