ಉಪ್ಪಿನ ರಾಣಿಯ ಮುಂದೆ ನಾಲ್ಕು ನಿಮಿಷ

ಕನ್ನಡಕದ ಗಾಜು ಅರೆಯುವ ಯಂತ್ರವು ಒಂದು ಗಾಜಿಗೆ ಸರಿಯಾಗಿ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು. ಹನ್ನೊಂದು ವರ್ಷ ಅದರ ಪಕ್ಕದಲ್ಲಿ ನಿಂತವನಿಗೆ ಗಡಿಯಾರದ ಹಂಗಿರಲಿಲ್ಲ. ಯಾರಾದರೂ ಬಂದು ಹರಟುತ್ತಿದ್ದರೂ ಯಂತ್ರ ನಿಲ್ಲುವ ಹೊತ್ತಿಗೆ ಅವನ ಕೈ ತಾನಾಗಿ ಮುಚ್ಚಳದ ಮೇಲೆ ಬಂದಿರುತ್ತಿತ್ತು. ಎಲ್ಲರೂ ಅವನನ್ನು ಗಾಜು ಎಂದೇ ಕರೆಯುತ್ತಿದ್ದರು.

ಭಾನುವಾರ ಬೆಳಗ್ಗೆ ಮಾತ್ರ ಅವನು ಕತ್ತಿವೀರ. ಟೈರ್ ಅಂಗಡಿಯ ಮೇಲಿನ ಗೇಮ್ ಸೆಂಟರಿನಲ್ಲಿ ಐದು ಕಂಪ್ಯೂಟರುಗಳನ್ನು ದುಂಡಗೆ, ಬೆನ್ನಿಗೆ ಬೆನ್ನು ಬರುವಂತೆ ಇಟ್ಟಿದ್ದರು. ಅವನು, ಅವನ ಅಕ್ಕನ ಗಂಡ, ಒಬ್ಬ ನರ್ಸ್, ಒಬ್ಬ ಪೇಂಟರ್, ಒಬ್ಬ ಡ್ರೈವರ್ – ಈ ಐವರ ತಂಡ ಮೂರು ವರ್ಷಗಳಿಂದ ಅಲ್ಲಿ ಒಂದೇ ಆಟವನ್ನು ಆಡುತ್ತಿತ್ತು. ಲಿಫ್ಟ್ ರಿಪೇರಿ ಮಾಡುವ ಭಾವ ಆಟದೊಳಗೆ ವೈದ್ಯ. ಬಿದ್ದವರನ್ನು ಎಬ್ಬಿಸುವ ಮರುಜೀವ ಮಂತ್ರ ಅವನೊಬ್ಬನ ದಂಡದಲ್ಲಿತ್ತು.

ಆ ಆಟದಲ್ಲಿ ಮಂತ್ರವನ್ನು ಒಮ್ಮೆ ಪ್ರಯೋಗಿಸಿದರೆ ದಂಡ ಕಾದುಹೋಗುತ್ತದೆ. ತಣಿಯುವವರೆಗೆ ಅದೇ ಮಂತ್ರ ಮತ್ತೆ ಬಾರದು. ಸಣ್ಣ ಬೆಂಕಿಯುಂಡೆ ಐದಾರು ಸೆಕೆಂಡಿಗೆ ತಣಿದರೆ, ಮರುಜೀವಕ್ಕೆ ನಾಲ್ಕು ನಿಮಿಷ ಬೇಕು. ಎಷ್ಟು ಹೊತ್ತು ಉಳಿದಿದೆ ಎಂಬುದು ಅವರವರ ಪರದೆಯಲ್ಲಿ ಮಾತ್ರ ಕಾಣುತ್ತದೆ. ಆದ್ದರಿಂದ ತಂಡದಲ್ಲಿ ಒಂದು ಪದ್ಧತಿ ಬೆಳೆದಿತ್ತು: ಪ್ರತಿಯೊಬ್ಬರೂ ತಮ್ಮ ಲೆಕ್ಕವನ್ನು ಗಟ್ಟಿಯಾಗಿ ಹೇಳಬೇಕು, ಹೇಳಿದ್ದನ್ನು ಯಾರೂ ಎದ್ದುಬಂದು ಪರೀಕ್ಷಿಸಬಾರದು. ಒಮ್ಮೆ ಪೇಂಟರ್ ಕತ್ತು ಚಾಚಿ ಪರದೆ ಇಣುಕಿದ್ದಕ್ಕೆ ನರ್ಸ್ ಎರಡು ವಾರ ಅವನೊಡನೆ ಮಾತು ಬಿಟ್ಟಿದ್ದಳು.

ಈ ಬಾರಿ ದೊಡ್ಡ ಸ್ಪರ್ಧೆಯಿತ್ತು. ಆಟದ ಕೊನೆಯ ರಾಕ್ಷಸಿ ಉಪ್ಪಿನ ರಾಣಿಯನ್ನು ಕೊಂದ ತಂಡಕ್ಕೆ ಬೇರೆ ಊರಿನಲ್ಲಿ ನಡೆಯುವ ಅಂತಿಮ ಸುತ್ತಿಗೆ ಪ್ರವೇಶ. ಆದರೆ ಅಲ್ಲಿಗೆ ಹೋಗಬಹುದಾದವರು ನಾಲ್ವರೇ. ಸ್ಪರ್ಧೆಯಲ್ಲಿ ಬಿದ್ದು ಹತ್ತು ಸೆಕೆಂಡಿನೊಳಗೆ ಏಳದ ಪಾತ್ರ ಶಾಶ್ವತವಾಗಿ ಅಳಿದುಹೋಗುತ್ತಿತ್ತು. ಎಲ್ಲರೂ ಉಳಿದರೆ ಚೀಟಿ ಎತ್ತೋಣ ಎಂದು ಐವರೂ ಒಪ್ಪಿದ್ದರು. ಗಾಜು ತನ್ನ ಮೂರು ವರ್ಷದ ಕತ್ತಿವೀರನನ್ನು ಆ ವೇದಿಕೆಯ ಮೇಲೆ ನೋಡುವ ಆಸೆಯಲ್ಲಿ ಕೆಲಸದಿಂದ ರಜೆಯನ್ನೂ ಕೇಳಿಟ್ಟಿದ್ದ.

"ನಂದು ಹಿಮ, ಹನ್ನೆರಡು," ಎಂದಳು ನರ್ಸ್.

"ನಂದು ಬಾಣ ರೆಡಿ," ಎಂದ ಪೇಂಟರ್.

"ನಂದು ಹೊಟ್ಟೆ ಖಾಲಿ," ಎಂದ ಡ್ರೈವರ್.

"ನಿನ್ನ ಹೊಟ್ಟೆ ಯಾವಾಗ ತುಂಬಿತ್ತು ಹೇಳು. ಸುಮ್ನೆ ಗುರಾಣಿ ಹಿಡ್ಕೋ," ಎಂದ ಭಾವ. ಆ ನಗುವಿನಲ್ಲೇ ಡ್ರೈವರ್ ರಾಣಿಯ ಮೊದಲ ಏಟಿಗೆ ಬಿದ್ದ. ಭಾವ ಅವನನ್ನು ಎಬ್ಬಿಸಿದ. ಗಾಜುವಿನೊಳಗೆ ನಾಲ್ಕು ನಿಮಿಷದ ಎಣಿಕೆ ಶುರುವಾಯಿತು.

ರಾಣಿಯದೊಂದು ದೌರ್ಬಲ್ಯವಿತ್ತು. ಎದುರು ನಿಂತವನನ್ನು ಕೊಂದಾಗ ಅವಳು ಹತ್ತು ಸೆಕೆಂಡು ತನ್ನ ಉಪ್ಪಿನ ಕವಚವನ್ನು ಇಳಿಸುತ್ತಿದ್ದಳು. ಆದ್ದರಿಂದ ಗಾಜು ಬೇಕೆಂದೇ ಅವಳ ಏಟಿಗೆ ಬೀಳಬೇಕು, ಉಳಿದವರು ಅವಳ ಬೆನ್ನಿಗೆ ನುಗ್ಗಬೇಕು, ಅಷ್ಟರಲ್ಲಿ ಭಾವ ಅವನನ್ನು ಎಬ್ಬಿಸಬೇಕು. ಅಭ್ಯಾಸದಲ್ಲಿ ಇದನ್ನು ಹತ್ತಾರು ಸಲ ಮಾಡಿದ್ದರು.

"ಭಾವ, ನಾಲ್ಕು ನಿಮಿಷ ಆಯ್ತು. ತಣ್ಣಗಾಯ್ತಾ?"

"ಆಯ್ತು ಮರಿ. ನಾನಿದ್ದೀನಲ್ಲ, ಹೋಗು."

ಗಾಜು ಕತ್ತಿಯನ್ನು ಇಳಿಸಿ ರಾಣಿಯ ಎದುರು ನಿಂತ. ಅವಳು ಹೊಡೆದಳು. ಅವನು ಬಿದ್ದ. ಸುತ್ತಲೂ ಕೀಲಿಮಣೆಗಳು ಪಟಪಟನೆ ಸದ್ದು ಮಾಡಿದವು. ಅವನ ಪರದೆಯಲ್ಲಿ ಒಂಬತ್ತು, ಎಂಟು, ಏಳು.

"ಭಾವ?"

ನಾಲ್ಕು. ಮೂರು.

"ಅಯ್ಯೋ, ನೋಡಿದ್ದು ತಪ್ಪಾಯ್ತು ಕಣೋ. ಇನ್ನೂ ನಲವತ್ತು ಸೆಕೆಂಡ್ ತೋರಿಸ್ತಿದೆ."

ಪರದೆ ಬೂದಿಬಣ್ಣಕ್ಕೆ ತಿರುಗಿತು. ಪಟ್ಟಿಯಿಂದ ಅವನ ಹೆಸರು ಹೋಯಿತು. ಅತ್ತ ರಾಣಿ ಕುಸಿದಳು. ಡ್ರೈವರ್ ಕೇಕೆ ಹಾಕಹೋಗಿ ಅರ್ಧಕ್ಕೇ ನುಂಗಿಕೊಂಡ.

"ಬಿಡಿ ಭಾವ, ನಾನೇ ಅವಸರ ಮಾಡ್ದೆ," ಎಂದ ಗಾಜು. ನರ್ಸ್ ತಲೆಯೆತ್ತದೆ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತ ಕುಳಿತಳು.

ಮೂರು ದಿನ ಅವನು ತನ್ನ ಕೈಯನ್ನೇ ಶಂಕಿಸಿದ. ಯಂತ್ರದ ಪಕ್ಕದಲ್ಲಿ ಸ್ಟಾಪ್‌ವಾಚ್ ಇಟ್ಟು, ಅದಕ್ಕೆ ಬೆನ್ನು ಮಾಡಿ ನಿಂತು, ಕೈ ಏಳುವ ಗಳಿಗೆಯನ್ನು ಅಳೆದ. ಹದಿನೇಳು ಗಾಜುಗಳಲ್ಲಿ ಎರಡು ಸೆಕೆಂಡಿಗಿಂತ ಹೆಚ್ಚು ತಪ್ಪಲಿಲ್ಲ. ಯಂತ್ರದ ಮುಂದೆ ಸರಿಯಿರುವ ಕೈ ರಾಣಿಯ ಮುಂದೆ ಬೆದರಿರಬೇಕು ಎಂದು ಸಮಾಧಾನ ಹೇಳಿಕೊಂಡ. ಭಾವನ ಮಾತನ್ನು ಅನುಮಾನಿಸುವುದಕ್ಕಿಂತ ಅದು ಸುಲಭವಾಗಿತ್ತು.

ಬುಧವಾರ ಸಂಜೆ ಅಕ್ಕ ಮನೆಗೆ ಕರೆದಳು. ಮೂರನೆಯ ಮಹಡಿ. ಅವಳು ಇಸ್ತ್ರಿ ಮಾಡುತ್ತಿದ್ದಳು. ಭಾವ ಇನ್ನೂ ಕೆಲಸದಿಂದ ಬಂದಿರಲಿಲ್ಲ.

"ಬಾರೋ. ಮುಖ ಯಾಕೆ ಹಳೇ ಚಪ್ಪಲಿ ಥರ ಮಾಡ್ಕೊಂಡಿದ್ದೀಯ?"

"ಸತ್ತೋನ ಮುಖ ಇನ್ನು ಹೇಗಿರುತ್ತಕ್ಕ."

ಇಬ್ಬರೂ ನಕ್ಕರು. ಅಕ್ಕ ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದುಕೊಟ್ಟಳು. "ನಿನ್ನ ಸಹಿ ಬೇಕಂತೆ. ನೀನು ತಂಡ ಬಿಟ್ಟೆ ಅಂತ ಇದ್ರೇನೇ ಸ್ಪರ್ಧೆಯವರು ನಾಲ್ಕು ಜನರನ್ನ ಸೇರಿಸ್ಕೊಳ್ಳೋದಂತೆ. ನಾಳೆ ಕೊನೇ ದಿನ."

ಗಾಜು ಓದಿದ. 'ನನ್ನ ಅಜಾಗರೂಕತೆಯಿಂದ ನನ್ನ ಪಾತ್ರವು ಅಳಿದಿರುವ ಕಾರಣ ತಂಡದಿಂದ ಹೊರಬರುತ್ತಿದ್ದೇನೆ.' ಅಂದವಾಗಿ ಟೈಪು ಮಾಡಿಸಿದ್ದರು. ಮೇಲ್ತುದಿಯಲ್ಲಿದ್ದ ತಾರೀಖನ್ನು ಅವನು ಎರಡು ಸಲ ನೋಡಿದ.

"ಅಕ್ಕ, ನಾನು ಸತ್ತಿದ್ದು ಭಾನುವಾರ."

"ಹೂಂ."

"ಇದು ಶುಕ್ರವಾರದ್ದು."

"ವಾರದ ಕೊನೇಲಿ ಆ ಟೈಪಿಂಗ್ ಅಂಗಡಿ ಮುಚ್ಚಿರುತ್ತಲ್ಲ, ಅದಕ್ಕೇ ಮೊದಲೇ ಮಾಡಿಸಿ..." ಎಂದವಳು ತಾನೇನು ಹೇಳಿದೆನೆಂದು ತಿಳಿದು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ನಿಂಗೂ ಗೊತ್ತಿತ್ತು."

"ಚೀಟಿ ಎತ್ತಿದ್ರೆ ಯಾರದ್ದು ಬರ್ತಿತ್ತೋ ಏನೋ. ನರ್ಸಮ್ಮ ಇಲ್ದೆ ಆಟ ನಡೆಯಲ್ಲ. ಆ ಡ್ರೈವರ್ ಅಂತೂ ಬೀದಿ ರಂಪ ಮಾಡ್ತಿದ್ದ. ನೀನಾದ್ರೆ ಮನೆಯವನು, ನಾಲ್ಕು ದಿನ ಮುಖ ಊದಿಸ್ಕೊಂಡು ಸರಿಹೋಗ್ತೀಯ ಅಂತ..." ಅವಳು ಸ್ವರ ತಗ್ಗಿಸಿದಳು. "ನಾನೇ ಅಂದೆ ಅವರಿಗೆ."

ಬಾಗಿಲಲ್ಲಿ ಉಪಕರಣದ ಚೀಲ ಇಳಿಸಿದ ಸದ್ದಾಯಿತು. ಭಾವ ಒಳಗೆ ಬಂದು, ಗಾಜುವಿನ ಕೈಲಿದ್ದ ಹಾಳೆ ನೋಡಿ, ಹೆಂಡತಿಯ ಮುಖ ನೋಡಿ, ಕುರ್ಚಿಯ ಬೆನ್ನು ಹಿಡಿದು ನಿಂತ.

"ತಣ್ಣಗಾಗಿತ್ತು ಅಲ್ವಾ ಭಾವ?"

"ಆಗಿತ್ತು." ಹಿಡಿದ ಕುರ್ಚಿಯನ್ನು ಬಿಡದೆಯೇ, "ಬೇರೆಯವರ ಮುಖ ನೋಡ್ಕೊಂಡು 'ನೀನು ಬೇಡ' ಅನ್ನೋಕೆ ಆಗಲ್ಲ ಮರಿ," ಎಂದ.

"ನಂಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ಒಪ್ತಿದ್ಯಾ?"

ಗಾಜು ಯೋಚಿಸಿದ. ಕೋಪಕ್ಕೆ ಅನುಕೂಲವಾದ ಉತ್ತರ ಬೇರೆಯಿತ್ತು. "ಒಪ್ತಿದ್ದೆ," ಎಂದ.

ಗಾಜು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಟೈಪು ಮಾಡಿದ ಸಾಲನ್ನು ಉದ್ದಕ್ಕೆ ಹೊಡೆದುಹಾಕಿ, ಅದರ ಮೇಲೆ ಬರೆದ: 'ಮಂತ್ರ ಸಿದ್ಧವಿತ್ತು. ವೈದ್ಯರು ಪ್ರಯೋಗಿಸಲಿಲ್ಲ.' ಕೆಳಗೆ ಸಹಿ ಹಾಕಿ ಹಾಳೆಯನ್ನು ಭಾವನ ಕೈಗಿತ್ತ.

"ಹೀಗೆ ಬರೆದುಕೊಟ್ರೆ ನಮ್ಮನ್ನ ಬಾಗಿಲೊಳಗೂ ಬಿಡಲ್ಲ ಕಣೋ."

"ಸಹಿ ಕೇಳಿದ್ರಿ, ಹಾಕಿದ್ದೀನಿ. ಕೊಡೋದು ಬಿಡೋದು ನಿಮಗೆ ಸೇರಿದ್ದು."

ಅವನು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿಯತೊಡಗಿದ. ಅಕ್ಕ ಹೊರಗೆ ಬಂದು ಕಟಕಟೆಗೆ ಬಾಗಿ, "ಊಟ ಮಾಡ್ಕೊಂಡಾದ್ರೂ ಹೋಗೋ," ಎಂದಳು. ಒಂದು ಮಹಡಿ ಇಳಿದಿದ್ದವನು ನಿಂತು ಮೇಲೆ ನೋಡಿದ. ಅವಳು ಇನ್ನೊಂದು ಮಾತು ಹೇಳಿದ್ದರೆ ಬಹುಶಃ ಹಿಂದಿರುಗುತ್ತಿದ್ದ.

ಒಳಗಿನಿಂದ ಭಾವನ ಸ್ವರ ಕೇಳಿಸಿತು. "ಇನ್ನೊಂದು ಕಾಪಿ ಟೈಪ್ ಮಾಡಿಸಿದ್ನಲ್ಲ, ಎಲ್ಲಿಟ್ಟೆ? ಇವನ ಸಹಿ ಏನು ಮಹಾ, ಎರಡು ಗೀಟು."

ಅಕ್ಕ ತಮ್ಮನನ್ನೇ ನೋಡುತ್ತ ಕ್ಷಣಕಾಲ ನಿಂತಳು. ಆಮೇಲೆ ಕಟಕಟೆಯಿಂದ ಕೈ ತೆಗೆದು ಒಳಗೆ ಹೋದಳು. ಗಾಜು ನಿಂತಲ್ಲಿಗೆ ಮೇಜಿನ ಖಾನೆ ಎಳೆದ ಸದ್ದು ಸ್ಪಷ್ಟವಾಗಿ ಬಂತು.